ದರೋಜಿಯ ಅಂಟಿಗೆ ನಾನು ಬರೆದ ವರದಿ

ಒಂದು ಹನಿ ಫೆರಿಕ್ ಕ್ಲೋರೈಡನ್ನು ನಂಬಿ ನಾನು ಹನ್ನೊಂದು ಹೆಂಗಸರ ಮೇಲೆ ಕಳ್ಳತನ ಹೊರಿಸಿದವನು. ಹನಿ ಸುಳ್ಳು ಹೇಳಿರಲಿಲ್ಲ. ಅದು ಆಡದ ಮಾತನ್ನು ಅದರ ಬಾಯಲ್ಲಿಟ್ಟವನು ನಾನು. ಇದನ್ನು ಬರೆಯಲು ಇಷ್ಟು ವರ್ಷ ತೆಗೆದುಕೊಂಡದ್ದಕ್ಕೆ ನಾಚಿಕೆಯೇ ಕಾರಣ, ಬಿಡುವಿಲ್ಲದ ಕೆಲಸವೇನೂ ನನಗೆ ಇರಲಿಲ್ಲ.

ಯುದ್ಧ ಶುರುವಾದ ಮೇಲಿನ ಎರಡನೆಯ ಬೇಸಿಗೆ. ಸುಡಾನಿನಿಂದ ಹಡಗಿನಲ್ಲಿ ಬರುತ್ತಿದ್ದ ಅಂಟು ನಿಂತುಹೋಗಿತ್ತು. ಔಷಧ ಮಾಡುವವರಿಗೆ ಅಂಟಿಲ್ಲದೆ ನಡೆಯದು. ಎಣ್ಣೆಯನ್ನೂ ನೀರನ್ನೂ ಶೀಸೆಯಲ್ಲಿ ಒಂದಾಗಿ ನಿಲ್ಲಿಸುವುದಕ್ಕೆ, ಗುಳಿಗೆ ಪುಡಿಯಾಗದಂತೆ ಹಿಡಿದಿಡುವುದಕ್ಕೆ ಅದೇ ಬೇಕು. ಮದರಾಸಿನ ಅಂಥ ಒಬ್ಬ ತಯಾರಕರು ಹೊಸಪೇಟೆಯ ನಮ್ಮ ಸಾಹುಕಾರರಿಗೆ ಕಾಗದ ಬರೆದು, ನಿಮ್ಮ ಕಡೆಯ ಜಾಲಿ, ಕಗ್ಗಲಿ ಮರಗಳ ಅಂಟು ಸುಡಾನಿನದಕ್ಕೆ ಸಾಟಿಯಾದೀತೇ ಎಂದು ಕೇಳಿದ್ದರು. ಸಾಹುಕಾರರದು ತಂಗಡಿ ತೊಗಟೆಯ ವ್ಯಾಪಾರ. ಚರ್ಮ ಹದಮಾಡುವವರಿಗೆ ಗಾಡಿಗಟ್ಟಲೆ ತೊಗಟೆ ಕಳಿಸುತ್ತಿದ್ದರು. ಅಂಟು ಅವರಿಗೆ ಹೊಸದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಕಂಪ್ಲಿಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದ ನನ್ನನ್ನು ಕರೆಸಿ, ಗೋದಾಮಿನ ಮೂಲೆಯ ಕೋಣೆ ತೋರಿಸಿ, ಸಾಟಿಯಾಗುವಂತೆ ನೋಡಿ ಅಂದರು. ಆಗುತ್ತದೋ ಇಲ್ಲವೋ ನೋಡಿ ಅನ್ನಲಿಲ್ಲ. ಆ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ಕೋಣೆಯಲ್ಲಿ ಒಂದು ಮೇಜು, ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿ, ಹತ್ತಾರು ಶೀಸೆ, ಒಂದು ಪಿಪೆಟ್ಟು, ಇದ್ದಿಲ ಒಲೆ. ಮದರಾಸಿನವರು ಮಾದರಿಗೆಂದು ಒಂದು ಚಿಕ್ಕ ಶೀಸೆ ಸುಡಾನಿನ ಅಂಟನ್ನೂ ತಮ್ಮ ಷರತ್ತುಗಳನ್ನೂ ಕಳಿಸಿದ್ದರು. ಅಂಟು ತಣ್ಣೀರಿನಲ್ಲಿ ಪೂರ್ತಿ ಕರಗಬೇಕು, ತಳದಲ್ಲಿ ಲೋಳೆ ಉಳಿಯಬಾರದು. ದ್ರಾವಣ ಸಾಕಷ್ಟು ಮಂದವಾಗಿರಬೇಕು. ಅಯೋಡಿನ್ ಹಾಕಿದರೆ ನೀಲಿಯಾಗಬಾರದು, ನೀಲಿಯಾದರೆ ಹಿಟ್ಟು ಬೆರೆತಿದೆ ಎಂದರ್ಥ. ಸುಟ್ಟರೆ ಬೂದಿ ಕಡಿಮೆ ಉಳಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತೊಗಟೆಯ ಒಗರು ಸ್ವಲ್ಪವೂ ಇರಬಾರದು. ಅವರ ಔಷಧಗಳಲ್ಲಿ ಕಬ್ಬಿಣದ ಅಂಶದ ಟಾನಿಕ್ಕೂ ಒಂದು. ಒಗರಿಗೆ ಕಬ್ಬಿಣ ತಾಗಿದರೆ ಮಸಿಯಾಗುತ್ತದೆ. ಅದಕ್ಕಾಗಿಯೇ ಫೆರಿಕ್ ಕ್ಲೋರೈಡಿನ ಪರೀಕ್ಷೆ: ತೆಳು ಮಾಡಿದ ಅಂಟಿನ ನೀರಿಗೆ ಒಂದು ಹನಿ ಬಿಟ್ಟರೆ ಶುದ್ಧ ಅಂಟು ಹಳದಿಯಾಗಿಯೇ ಇರುತ್ತದೆ, ಒಗರಿದ್ದರೆ ಕಪ್ಪಾಗುತ್ತದೆ.

ಮೊದಲ ಹತ್ತು ದಿನ ನನ್ನ ಅವಸರಕ್ಕೇ ಹೋಯಿತು. ಅಂಟು ತಣ್ಣೀರಿನಲ್ಲಿ ಕರಗಲು ಒಂದು ಹಗಲು ಒಂದು ರಾತ್ರಿ ಬೇಕು. ನಾನು ಒಲೆಯ ಮೇಲಿಟ್ಟು ಕುದಿಸಿದೆ. ಜಲ್ದಿ ಕರಗಿತೇನೋ ನಿಜ, ಆದರೆ ದ್ರಾವಣ ಕಂದಾಗಿ ನೀರುನೀರಾಯಿತು. ಪಿಪೆಟ್ಟಿನಲ್ಲಿ ತುಂಬಿ, ಕೈಗಡಿಯಾರ ನೋಡುತ್ತಾ ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಲೆಕ್ಕ ಹಾಕಿದರೆ, ಸುಡಾನಿನದು ಇನ್ನೂ ಅರ್ಧ ಇಳಿಯುವಷ್ಟರಲ್ಲಿ ನಮ್ಮದು ಖಾಲಿ. ನಮ್ಮ ಮರಗಳೇ ಕೈಲಾಗದವು ಎಂದುಕೊಂಡೆ. ಆಮೇಲೆ ಸುಡಾನಿನ ಅಂಟನ್ನೂ ಹಾಗೆಯೇ ಕುದಿಸಿ ನೋಡಿದಾಗ ಅದೂ ನೀರಾಯಿತು. ತಪ್ಪು ಮರದ್ದಲ್ಲ, ಒಲೆಯದು. ತಣ್ಣೀರಿಗೆ ಬಂದರೂ ಗೋದಾಮಿನ ಬಾವಿಯ ನೀರು ಸವಳು, ಉಪ್ಪಿನಂಶ ಅಂಟಿನ ಮಂದವನ್ನು ಇಳಿಸುತ್ತದೆ. ತಾಮ್ರದ ಕೊಡಕ್ಕೆ ಕೊಳವೆ ಕೂರಿಸಿ ನೀರನ್ನು ಭಟ್ಟಿ ಇಳಿಸತೊಡಗಿದೆ. ಹಮಾಲರು ಎರಡು ದಿನ ನನ್ನನ್ನು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಇಳಿದದ್ದು ಬರೀ ನೀರು ಎಂದು ತಿಳಿದ ಮೇಲೆ ಮೊದಲಿನ ಹಾಗೇ ಆದರು.

ಆ ಹತ್ತು ದಿನದಿಂದ ನಾನು ಕಲಿಯಬೇಕಾದ ಪಾಠ ಒಂದೇ ಇತ್ತು: ಕೆಟ್ಟ ಫಲ ಬಂದಾಗ ಮೊದಲು ನನ್ನ ಕೈಯನ್ನು ನೋಡಿಕೊಳ್ಳಬೇಕು. ಕಲಿತೆ ಎಂದು ತಿಳಿದುಕೊಂಡೆ.

ಮುಂದೆ ಮಾದರಿಗಳು ಬಂದವು. ಕಂಪ್ಲಿಯ ಹೊಳೆದಂಡೆಯ ಎರೆಭೂಮಿಯ ಜಾಲಿಯದು ಕಡುಗೆಂಪು ಅಂಟು. ಚೆನ್ನಾಗಿ ಕರಗಿತು, ಆದರೆ ತೆಳು. ಸೊಂಡೂರು ಸಂಸ್ಥಾನದ ಗಡಿ ದಾಟಿ ಬಂದ ಕಗ್ಗಲಿಯ ಅಂಟಿಗೆ ಗುಡ್ಡದ ಕೆಂಪುಧೂಳು ಮೆತ್ತಿಕೊಂಡಿತ್ತು. ಸೋಸಿದರೆ ಬಟ್ಟೆಯ ಮೇಲೆ ಕುಂಕುಮದಂಥ ಪುಡಿ, ಸುಟ್ಟರೆ ಬೂದಿ ಮಿತಿ ಮೀರುತ್ತಿತ್ತು. ದರೋಜಿಯ ಕಲ್ಲುಗುಡ್ಡದ ಕುರುಚಲು ಅಡವಿಯ ಕಗ್ಗಲಿಯದೇ ಚೆನ್ನ. ತಿಳಿ ಜೇನಿನ ಬಣ್ಣ, ಒಡೆದರೆ ಗಾಜಿನ ಹೊಳಪು. ದ್ರಾವಣ ಸುಡಾನಿನದಕ್ಕಿಂತ ಕೂದಲೆಳೆಯಷ್ಟು ಮಾತ್ರ ತೆಳು. ಒಂದೇ ತೊಡಕೆಂದರೆ ಆ ಅಡವಿಯಲ್ಲಿ ದಿಂಡಿಗದ ಮರವೂ ಇದೆ. ಅದರ ಅಂಟು ನೋಡಲು ಹೀಗೆಯೇ, ನೀರಿಗೆ ಹಾಕಿದರೆ ಅರ್ಧ ಕರಗಿ ಅರ್ಧ ಲೋಳೆಯಾಗಿ ಉಳಿಯುತ್ತದೆ. ಒಂದು ಹಿಡಿ ದಿಂಡಿಗ ಬಿದ್ದರೆ ಒಂದು ಚೀಲ ಕಗ್ಗಲಿ ಕೆಟ್ಟ ಹಾಗೆ.

ಆ ಅಡವಿಯಲ್ಲಿ ಅಂಟು ಆಯುತ್ತಿದ್ದವರು ದರೋಜಿಯ ಪಕ್ಕದ ಒಂದು ಹಟ್ಟಿಯ ಹನ್ನೊಂದು ಹೆಂಗಸರು. ಅರಣ್ಯ ಇಲಾಖೆ ಒಬ್ಬೊಬ್ಬರಿಗೂ ಪಾಸಿನ ಚೀಟಿ ಕೊಟ್ಟಿತ್ತು. ಆ ಚೀಟಿಯ ಮೇಲೆಯೇ ಅವರು ಅಂಟು, ಕವಳಿ ಹಣ್ಣು, ಒಣ ಸೌದೆ ಎಲ್ಲವನ್ನೂ ತರುತ್ತಿದ್ದರು. ಚೀಟಿಯಿಲ್ಲದವರು ಮೀಸಲು ಅಡವಿಯ ಕಲ್ಲುಗಡಿ ದಾಟಿದರೆ ಗಾರ್ಡು ಹಿಡಿಯುತ್ತಾನೆ. ಹಟ್ಟಿಯ ಒಲೆ ಉರಿಯುವುದೇ ಆ ಹನ್ನೊಂದು ಚೀಟಿಗಳಿಂದ ಎಂದರೆ ಹೆಚ್ಚಲ್ಲ.

ಶಿವರಾತ್ರಿ ಕಳೆದ ವಾರ ನಾನು ರೈಲಿನಲ್ಲಿ ಅಲ್ಲಿಗೆ ಹೋದೆ. ಕರಡಿಗಳ ಭಯಕ್ಕೆ ಹೆಂಗಸರು ಬಿಸಿಲೇರಿದ ಮೇಲೆ ಗುಂಪಾಗಿ ಹೋಗುತ್ತಿದ್ದರು, ಮಾತಾಡುತ್ತಾ, ಕೋಲು ಬಡಿಯುತ್ತಾ. ಮರಕ್ಕೆ ಮಚ್ಚು ತಾಗಿಸುತ್ತಿರಲಿಲ್ಲ. ತಾನಾಗಿ ಬಿರಿದ ಕಡೆ ಒಸರಿ ಗಟ್ಟಿಯಾದದ್ದನ್ನು ಮಾತ್ರ ಬೆರಳಿನಿಂದ ಬಿಡಿಸಿ, ಹಳೇ ಸೀರೆಯ ತುಂಡು ಹಾಸಿದ ಬುಟ್ಟಿಗೆ ಹಾಕುತ್ತಿದ್ದರು. ಎಲ್ಲ ಮರದ್ದೂ ಒಂದೇ ಬುಟ್ಟಿಗೆ. ಹಟ್ಟಿಗೆ ಬಂದ ಮೇಲೆ ಅವರ ಹಿರಿಯಾಕೆ ಎಲ್ಲವನ್ನೂ ಮುಂದೆ ಹರವಿಕೊಂಡು ಬೇರೆಬೇರೆ ಮಾಡುತ್ತಿದ್ದಳು. ಬೆಳಕಿಗೆ ಹಿಡಿಯುತ್ತಿದ್ದಳು. ಅನುಮಾನ ಬಂದರೆ ಚೂರು ಕಚ್ಚುತ್ತಿದ್ದಳು. ದಿಂಡಿಗವಾದರೆ ಬಾಯಲ್ಲಿ ಲೋಳೆಯಾಗಿ ಹಲ್ಲಿಗೆ ಹಿಡಿಯುತ್ತದಂತೆ. ಕೈ ನಿಲ್ಲುತ್ತಿರಲಿಲ್ಲ, ಬಾಯಿ ಬೈಯುವುದನ್ನು ನಿಲ್ಲಿಸುತ್ತಿರಲಿಲ್ಲ. ನನ್ನ ಶೀಸೆಗಳ ಸುದ್ದಿ ಕೇಳಿ ಬಾಟ್ಲಿ ಸಾಹೇಬ ಎಂದು ಹೆಸರಿಟ್ಟವಳೂ ಅವಳೇ.

ನನಗೆ ಆ ಕ್ರಮ ಸರಿಬರಲಿಲ್ಲ. ಬಾಯಿಂದ ಪರೀಕ್ಷೆಯಾದ ಅಂಟನ್ನು ಔಷಧಕ್ಕೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಅದಕ್ಕಿಂತ ನಿಜ ಹೇಳುವುದಾದರೆ, ಓದಿದವನು ನಾನಿರುವಾಗ ಒಬ್ಬ ಮುದುಕಿಯ ಹಲ್ಲನ್ನು ನಂಬಬೇಕೇ ಎಂಬ ಗರ್ವ. ಮರದ ಬುಡದಲ್ಲೇ ವಿಂಗಡಿಸಬೇಕು, ಮರಕ್ಕೊಂದು ಬೇರೆ ಚೀಲ, ಕಗ್ಗಲಿಗೆ ಸುಣ್ಣದ ಒಂದು ಗೆರೆ, ಜಾಲಿಗೆ ಎರಡು, ದಿಂಡಿಗಕ್ಕೆ ಮೂರು ಎಂದು ಅಪ್ಪಣೆ ಮಾಡಿದೆ. ಬುಟ್ಟಿ, ಬಟ್ಟೆ ಬೇಡ ಅಂದೆ. ಗೋದಾಮಿಗೆ ಬಂದು ಚೀಲ ಕೇಳಿದೆ. ಒಳಗಿನ ಅಟ್ಟದಿಂದ ಒಂದು ಕಟ್ಟು ಗೋಣಿಚೀಲ ಬಂತು. ಝಾಡಿಸಿ ಕೊಡಿ ಅಂದೆ. ಝಾಡಿಸಿದರು. ನಾನೇ ಎತ್ತಿಕೊಂಡು ಹೋಗಿ ಹಂಚಿ ಬಂದೆ.

ಹಿರಿಯಾಕೆ ಚೀಲವನ್ನು ಮೂಸಿ ನೋಡಿ, ಇದರಾಗ ಹಸಿ ಅಂಟು ಹಾಕಬಾರದು, ಇದಕ್ಕಿಂತ ನಮ್ಮ ಬಟ್ಟೀನ ಪಾಡು ಅಂದಳು. ಹೇಳಿದಷ್ಟು ಮಾಡು ಎಂದು ನಾನು ಅಂದದ್ದು ಈಗಲೂ ಕಿವಿಯಲ್ಲಿದೆ.

ಮೊದಲ ಹೊರೆ ಬಂದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಕಗ್ಗಲಿಯ ಚೀಲಗಳೇ ಹೆಚ್ಚು. ಪ್ರತಿ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಹಿಡಿ ಹಿಡಿ ತೆಗೆದು ಪುಡಿಮಾಡಿ ನೆನೆಹಾಕಿದೆ. ಮಾರನೆಯ ದಿನ ಸೋಸಿದರೆ ಲೋಳೆಯಿಲ್ಲ. ಅಯೋಡಿನ್‌ಗೆ ನೀಲಿಯಿಲ್ಲ. ಪಿಪೆಟ್ಟಿನಿಂದ ಹೆಚ್ಚುಕಡಿಮೆ ಸುಡಾನಿನ ಅಂಟಿನಷ್ಟೇ ನಿಧಾನವಾಗಿ ಇಳಿಯಿತು. ಖುಷಿಯಿಂದ ಕೊನೆಯ ಪರೀಕ್ಷೆಗೆ ಕೂತೆ. ಹನಿ ಬಿಟ್ಟೆ. ಶೀಸೆಯೊಳಗೆ ಕಪ್ಪು ಹೊಗೆ ಹರಡಿದ ಹಾಗಾಗಿ ತಳದವರೆಗೂ ಕಪ್ಪಾಯಿತು.

ಎಲ್ಲ ಚೀಲವೂ ಹಾಗೆಯೇ. ಹೊಸದಾಗಿ ಮಾದರಿ ತೆಗೆದೆ, ನೀರು ಬದಲಿಸಿದೆ, ಶೀಸೆಗಳನ್ನು ತೊಳೆದೆ. ಕಪ್ಪು. ನನ್ನ ಕೈಯ ತಪ್ಪಲ್ಲ ಎಂದು ಖಾತ್ರಿಮಾಡಿಕೊಂಡೆ. ಕೋಣೆಯ ಒಳಗಿನ ತಪ್ಪುಗಳನ್ನಷ್ಟೇ ಹುಡುಕಿದೆ. ಬಾಗಿಲಾಚೆ ನಾನು ಮಾಡಿ ಬಂದದ್ದು ನೆನಪಿಗೇ ಬರಲಿಲ್ಲ.

ಸಾಹುಕಾರರು ವರದಿ ಕೇಳಿದರು. ಅಂಟಿನಲ್ಲಿ ಒಗರು ಇದೆ ಎಂದಷ್ಟೇ ಬರೆದಿದ್ದರೆ ಸತ್ಯವಾಗುತ್ತಿತ್ತು. ಹನಿ ಹೇಳಿದ್ದು ಅಷ್ಟೇ. ಆದರೆ ನನ್ನ ಬೇಸಿಗೆ ಮಣ್ಣುಪಾಲಾದ ಸಿಟ್ಟಿತ್ತು. ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. 'ಆಯುವವರು ತೂಕಕ್ಕಾಗಿ ಮರದ ತೊಗಟೆ ಸುಲಿದು ಪುಡಿಮಾಡಿ ಬೆರೆಸಿದಂತೆ ಕಾಣುತ್ತದೆ' ಎಂದು ಬರೆದೆ. ಸಹಿ ಹಾಕಿದೆ. ಬರಹ ಚೆನ್ನಾಗಿದೆ ಎಂದು ನನಗೇ ಅನ್ನಿಸಿತ್ತು.

ಮೀಸಲು ಅಡವಿಯಲ್ಲಿ ಮರದ ತೊಗಟೆ ಸುಲಿಯುವುದು ಅಪರಾಧ. ಅದು ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ, ನಂಬಬೇಕಾಗಿಯೂ ಇಲ್ಲ. ಸಾಹುಕಾರರು ಒಂದು ಪ್ರತಿಯನ್ನು ಮದರಾಸಿಗೆ, ಒಂದನ್ನು ತಮ್ಮ ಪತ್ರದ ಜೊತೆ ರೇಂಜರ ಕಚೇರಿಗೆ ಕಳಿಸಿದರು. ವಾರದೊಳಗೆ ಗಾರ್ಡು ಹಟ್ಟಿಗೆ ಹೋಗಿ ಹನ್ನೊಂದು ಚೀಟಿಗಳನ್ನೂ ಕಿತ್ತುಕೊಂಡು ಬಂದ.

ಆ ಹೆಂಗಸರು ದರೋಜಿಯಿಂದ ಗೋದಾಮಿನವರೆಗೆ ಬಂದರು. ಹಿರಿಯಾಕೆ ನನ್ನ ಕೋಣೆಯ ಹೊಸ್ತಿಲಲ್ಲಿ ಕೂತು, ನನ್ನ ಇದ್ದಿಲ ಒಲೆಯ ಮೇಲೆ ತಗಡೊಂದನ್ನು ಇಡಿಸಿ, ನಮ್ಮ ಚೀಲದಿಂದಲೇ ಒಂದು ತುಣುಕು ತೆಗೆದು ಒರೆಸಿ ಅದರ ಮೇಲಿಟ್ಟಳು. ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡಿಗೆ ಹುರಿದಾಗ ಅರಳುವಂತೆ ಅದು ಬೆಳ್ಳಗೆ ಅರಳಿತು. ತೊಗಟೆ ಇದ್ದ ಅಂಟು ಹೀಗೆ ಅರಳುವುದಿಲ್ಲ, ಕರಿಚುಕ್ಕೆಯಾಗಿ ಸೀಯುತ್ತದೆ ಎಂದು ಹೇಳಿದಳು. ನಾನು ಶೀಸೆ ತೋರಿಸಿದೆ. ಅಡಿಗೆಮನೆಯ ಪರೀಕ್ಷೆಗೂ ರಸಾಯನಕ್ಕೂ ಅಜಗಜಾಂತರ ಎಂದು ಉಪನ್ಯಾಸ ಮಾಡಿದೆ. ಆಕೆ ತುಣುಕನ್ನು ಒರೆಸಿದ್ದಳು ಎಂಬುದನ್ನು ನಾನು ನೋಡಿದ್ದೆ, ಆದರೆ ಆ ಕಡೆ ಯೋಚಿಸಲಿಲ್ಲ.

ಹೋಗುವಾಗ ಸೆರಗಿನಿಂದ ಒಂದು ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದನ್ನೂ ನೋಡ್ರಿ ಯಪ್ಪಾ. ನಮ್ಮ ಮಗಳ ಬಾಣಂತನಕ್ಕಂತ ತಗದಿಟ್ಟಿದ್ದು. ಅದ ಮರದ್ದು, ಅದ ದಿನದ್ದು, ನಮ್ಮ ಕೈಲೇ ಬಿಡಿಸಿದ್ದು."

ನಾನು ನೋಡುತ್ತೇನೆ ಅಂದೆ. ಗಂಟನ್ನು ಕಪಾಟಿಗೆ ಎತ್ತಿಟ್ಟು ಎಂಟು ದಿನ ಮುಟ್ಟಲಿಲ್ಲ.

ಒಂಬತ್ತನೆಯ ದಿನ ಮುಟ್ಟಿದ್ದೂ ಆಕೆಗಾಗಿ ಅಲ್ಲ. ಮದರಾಸಿನವರು ಒಗರಿನ ಪರೀಕ್ಷೆಯನ್ನು ಎರಡು ಶೀಸೆ ಪಕ್ಕಪಕ್ಕ ಇಟ್ಟು ಮಾಡಿ ವಿವರ ಬರೆಯಿರಿ ಎಂದು ಕೇಳಿದ್ದರು. ಸುಡಾನಿನ ಅಂಟು ಮುಗಿದಿತ್ತು. ಏನೋ ಒಂದು ಹೋಲಿಕೆಗಿರಲಿ ಎಂದು ಗಂಟು ಬಿಚ್ಚಿ ನೆನೆಹಾಕಿದೆ. ಎರಡೂ ಕಪ್ಪಾಗುತ್ತವೆ ಎಂದೇ ನಂಬಿದ್ದೆ. ಮಾರನೆಯ ದಿನ ಹನಿ ಬಿಟ್ಟಾಗ ಚೀಲದ್ದು ಕಪ್ಪಾಯಿತು, ಗಂಟಿನದು ಹಳದಿಯಾಗಿಯೇ ಉಳಿಯಿತು. ಎಷ್ಟು ಹೊತ್ತು ಇಟ್ಟರೂ ಹಳದಿಯೇ.

ಅದೇ ಮರ, ಅದೇ ದಿನ, ಅದೇ ಕೈ. ಬೇರೆಯಾದದ್ದು ಒಂದೇ, ಒಂದು ಬಟ್ಟೆಯಲ್ಲಿತ್ತು, ಇನ್ನೊಂದು ನನ್ನ ಚೀಲದಲ್ಲಿತ್ತು.

ಚೀಲದ ಅಂಟಿನ ದೊಡ್ಡ ಗಡ್ಡೆಯೊಂದನ್ನು ತೆಗೆದು ತಣ್ಣೀರಿನಲ್ಲಿ ತೊಳೆದೆ. ತೊಳೆದ ನೀರಿಗೆ ಹನಿ ಬಿಟ್ಟರೆ ಕಪ್ಪು. ತೊಳೆದ ಗಡ್ಡೆಯನ್ನು ಒಡೆದು ಒಳಗಿನದನ್ನು ಕರಗಿಸಿದರೆ ಹಳದಿ. ಹಂಚದೆ ಉಳಿದ ಎರಡು ಚೀಲ ಮೂಲೆಯಲ್ಲಿದ್ದವು. ಒಂದರ ಹೊಲಿಗೆಯನ್ನು ಬಿಚ್ಚಿ ಕಾಗದದ ಮೇಲೆ ಕೊಡವಿದೆ. ಕಂದು ಪುಡಿ ಉದುರಿತು. ಭೂತಗನ್ನಡಿಯಲ್ಲಿ ನೋಡಿದರೆ ಸುರುಳಿಸುತ್ತಿದ ತೆಳು ತೊಗಟೆಯ ಚೂರುಗಳು. ಗೋದಾಮಿನ ಆ ತುದಿಯಲ್ಲಿ ರಾಶಿ ಬಿದ್ದಿದ್ದ ತಂಗಡಿ ತೊಗಟೆಯ ಚೂರು ತಂದು ಪಕ್ಕದಲ್ಲಿಟ್ಟೆ. ಎರಡೂ ಒಂದೇ. ಚರ್ಮವನ್ನು ಹದಮಾಡುವಷ್ಟು ಒಗರಿರುವ ತೊಗಟೆ. ಅದರ ಪುಡಿ ತುಂಬಿದ್ದ ಚೀಲವನ್ನು ನಾನೇ ಹೊತ್ತುಕೊಂಡು ಹೋಗಿ, ಬಿಸಿಲಿಗೆ ಮೆತ್ತಗಾಗಿ ಕೈಗಂಟುವ ಹಸಿ ಅಂಟನ್ನು ಇದರಲ್ಲೇ ಹಾಕಿ ಎಂದು ಗದರಿಸಿ ಬಂದಿದ್ದೆ. ಆಕೆ ಮೂಸಿ ನೋಡಿ ಬೇಡ ಅಂದಿದ್ದಳು.

ಮೈ ಬೆವರಿತು ಎಂದು ಬರೆಯಬಹುದು. ನಿಜವಾಗಿ ಮೊದಲು ಬಂದ ಯೋಚನೆ, ಇದು ಇನ್ನು ಯಾರಿಗೆ ಗೊತ್ತು ಎಂಬುದು.

ಎರಡನೆಯ ವರದಿ ಬರೆಯಲು ಎರಡು ದಿನ ತೆಗೆದುಕೊಂಡೆ. ತೊಳೆದ ನೀರಿನ ಫಲ, ಒಳಗಿನ ಅಂಟಿನ ಫಲ, ಗಂಟಿನ ಅಂಟಿನ ಫಲ, ಚೀಲದ ಪುಡಿಯ ಫಲ ಎಲ್ಲ ಬರೆದು, ಅಂಟು ಶುದ್ಧವಾದದ್ದು, ದೋಷ ನಾವು ಕೊಟ್ಟ ಚೀಲದ್ದು, ಮೊದಲ ವರದಿಯನ್ನು ಹಿಂದೆಗೆದುಕೊಂಡಿದ್ದೇನೆ ಎಂದು ಮುಗಿಸಿದೆ. ಸಾಹುಕಾರರು ಅದನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಓದಿದವನೆಂದು ಅವರು ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ಮೇಷ್ಟ್ರ, ಚೀಲ ನಮ್ದು, ಗೋದಾಮು ನಮ್ದು," ಅಂದರು. "ತಪ್ಪೂ ನಮ್ದು ಅಂತ ಬರದ್ರ ಮದ್ರಾಸ್ನೋರು ನಾಳಿಂದ ನಮ್ಮ ಯಾವ ಮಾಲನ್ನ ನಂಬ್ತಾರ್ರೀ? ನೀವು ಭಾಳ ಓದೀರಿ, ಸ್ವಲ್ಪ ವಿಚಾರಾನೂ ಮಾಡ್ರಿ."

ವರದಿಯನ್ನು ಮಡಚಿ ಮೇಜಿನ ಖಾನೆಯೊಳಗೆ ಇಟ್ಟುಕೊಂಡರು. ಅದು ಅಲ್ಲಿಂದ ಹೊರಗೆ ಬರಲೇ ಇಲ್ಲ.

ನನ್ನ ಬಳಿ ಕರಡು ಪ್ರತಿ ಇತ್ತು. ಅದನ್ನು ತೆಗೆದುಕೊಂಡು ರೇಂಜರನ್ನು ಕಾಣಲು ಹೋದೆ. ಅವರು ಕುರ್ಚಿ ಕೊಟ್ಟು ಕೂರಿಸಿದರು, ಮಜ್ಜಿಗೆ ತರಿಸಿದರು, ನನ್ನ ಕರಡನ್ನು ಪೂರ್ತಿ ಓದಿದರು. ಆಮೇಲೆ ಹೇಳಿದ್ದು ಇಷ್ಟು: ಮೊದಲ ವರದಿ ವ್ಯಾಪಾರಿಯ ಪತ್ರದ ಜೊತೆ ಬಂದು ಫೈಲಾಗಿದೆ, ಮೇಲಕ್ಕೂ ಹೋಗಿದೆ. ಇದಕ್ಕೆ ಪತ್ರವಿಲ್ಲ. ಇದು ಕಚೇರಿಯ ಮಟ್ಟಿಗೆ ಬಿಡಿ ಕಾಗದ. ಮೇಲಿನವರಿಗೆ ಬರೆದು, ವಿಚಾರಣೆಯಾಗಿ, ಉತ್ತರ ಬರುವಷ್ಟರಲ್ಲಿ ಮಳೆ ಬಿದ್ದು ಈ ವರ್ಷದ ಅಂಟೆಲ್ಲ ತೊಳೆದುಹೋಗಿರುತ್ತದೆ. ಬೇಗ ಆಗುವ ದಾರಿ ಒಂದಿದೆ. ಆ ಹೆಂಗಸರು ತಪ್ಪೊಪ್ಪಿಕೊಂಡು, ಇನ್ನು ಮುಂದೆ ತೊಗಟೆ ಮುಟ್ಟುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಿ ಮುಚ್ಚಳಿಕೆ ಕೊಟ್ಟರೆ, ಚೀಟಿಯನ್ನು ನಾಲ್ಕು ದಿನದಲ್ಲಿ ತಾವೇ ಹಿಂದಿರುಗಿಸಬಹುದು.

ಅವರು ಕೆಟ್ಟವರಲ್ಲ. ಸಹಾಯವನ್ನೇ ಮಾಡುತ್ತಿದ್ದರು. ಒಕ್ಕಣೆ ಹೇಳಿದರು, ನಾನು ಅಲ್ಲಿಯೇ ಕೂತು ಬರೆದುಕೊಂಡೆ.

ನನ್ನ ಮುಂದೆ ಎರಡು ದಾರಿ ಇದ್ದವು. ಕರಡು ಪ್ರತಿಯನ್ನು ನೇರವಾಗಿ ಮದರಾಸಿನವರಿಗೆ ಅಂಚೆಗೆ ಹಾಕಬಹುದಿತ್ತು. ಹಾಕಿದ್ದರೆ ಸತ್ಯ ಹೊರಬರುತ್ತಿತ್ತು, ಹೆಂಗಸರಿಗೆ ಚೀಟಿ ಯಾವಾಗ ಸಿಗುತ್ತಿತ್ತೋ ಗೊತ್ತಿಲ್ಲ, ನನ್ನ ಕೆಲಸವಂತೂ ಅಂದೇ ಹೋಗುತ್ತಿತ್ತು. ಇನ್ನೊಂದು ದಾರಿಯಲ್ಲಿ ಚೀಟಿ ನಾಲ್ಕು ದಿನದಲ್ಲಿ ಬರುತ್ತಿತ್ತು, ಕೆಲಸ ಉಳಿಯುತ್ತಿತ್ತು, ಸುಳ್ಳೊಂದೇ ಉಳಿದುಕೊಳ್ಳುತ್ತಿತ್ತು. ಅವರ ಒಲೆ ಮುಖ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ಸುಳ್ಳಲ್ಲ. ಆದರೆ ಅವರ ಒಲೆಯ ನೆವದಲ್ಲಿ ನನ್ನ ಒಲೆಯನ್ನೂ ಕಾಯ್ದುಕೊಂಡೆ. ಯಾವುದು ಎಷ್ಟು ತೂಗಿತು ಎಂದು ಕೇಳಿದರೆ ನನ್ನ ತಕ್ಕಡಿಗೆ ಅಷ್ಟು ಸೂಕ್ಷ್ಮವಿಲ್ಲ.

ಹಟ್ಟಿಗೆ ಹೋದಾಗ ಮಧ್ಯಾಹ್ನ. ಹನ್ನೊಂದು ಜನರೂ ಬಂದು ಬೇವಿನ ಮರದ ಕೆಳಗೆ ಕೂತರು. ಮೊದಲು ಚೀಲದ ವಿಷಯ ಹೇಳಿದೆ. ತಪ್ಪು ನಮ್ಮದು, ನನ್ನದು ಎಂದು ಬಿಚ್ಚಿ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ನಮಗ ಗೊತ್ತಿತ್ತು ಎನ್ನುವ ಮುಖವನ್ನೂ ಮಾಡಲಿಲ್ಲ. ಹಂಗಾದ್ರ ಚೀಟಿ ಕೊಡ್ತಾರಲ್ರೀ ಎಂದು ಒಬ್ಬಳು ಕೇಳಿದಳು. ಆಗ ನಾನು ಮುಚ್ಚಳಿಕೆಯ ಕಾಗದ ತೆಗೆದೆ.

ಹಿರಿಯಾಕೆ, ಓದ್ರಿ ಅಂದಳು. ಓದದೆ, ಇದು ಚೀಟಿಯ ಅರ್ಜಿ ಎಂದುಬಿಡಬಹುದಿತ್ತು. ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಒಂದೇ, ಆ ಕಾಗದವನ್ನು ಇದ್ದಂತೆಯೇ ಓದಿದೆ. 'ನಾವು ತೂಕದ ಆಸೆಗೆ ಸರ್ಕಾರದ ಮರಗಳ ತೊಗಟೆ ಸುಲಿದು ಅಂಟಿಗೆ ಬೆರೆಸಿದ್ದು ನಿಜ' ಎಂಬ ಸಾಲಿಗೆ ಬಂದಾಗ ನನ್ನ ದನಿ ಸಣ್ಣಗಾಯಿತು. ಆಕೆ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು.

"ಇದು ಸುಳ್ಳು ಅಂತ ನಿಮಗ ಗೊತ್ತೈತಿ, ನಮಗ ಗೊತ್ತೈತಿ," ಅಂದಳು. "ಮತ್ತ ಯಾರಿಗೆ ಹೇಳಾಕ ಬರದೀರಿ ಇದನ್ನ?"

ಉಳಿದವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಬ್ಬಳು ಅತ್ತಳು. ಇನ್ನೊಬ್ಬಳು, ಕಾಗದ ಏನಂದ್ರ ಏನು, ಮನ್ಯಾಗ ಹಿಟ್ಟಿಲ್ಲ ಎಂದು ಎದ್ದು ಮುಂದೆ ಬಂದಳು. ನಾನು ಮಸಿಯ ಶೀಸೆ ತೆರೆದೆ. ಆ ಮಸಿಯನ್ನು ಕೋಣೆಯಲ್ಲಿ ನಾನೇ ಮಾಡಿದ್ದೆ, ತೊಗಟೆಯ ಒಗರು, ಕಬ್ಬಿಣದ ಉಪ್ಪು, ಗಟ್ಟಿಗೆ ಸ್ವಲ್ಪ ಅಂಟು ಹಾಕಿ. ಒಬ್ಬೊಬ್ಬರಾಗಿ ಹತ್ತು ಜನ ಒತ್ತಿದರು. ಪ್ರತಿ ಹೆಬ್ಬೆಟ್ಟಿನ ಪಕ್ಕದಲ್ಲಿ ನಾನು ಹೆಸರು ಬರೆದೆ.

ಹನ್ನೊಂದನೆಯದು ಹಿರಿಯಾಕೆಯದು. ಕೂತಲ್ಲಿಂದ ಏಳಲಿಲ್ಲ.

"ಅವರದು ಸಣ್ಣ ಮಕ್ಕಳ ಸಂಸಾರ, ಒತ್ತಲಿ. ನಾ ಒತ್ತಂಗಿಲ್ಲ. ಅಡವಿಗೆ ಹೋಗದಿದ್ರೂ ಆತು."

ಚೀಟಿ ಇಲ್ಲದೆ ಹೇಗೆ ಬದುಕುತ್ತೀ ಎಂದು ಕೇಳಿದೆ. ಅದನ್ನು ಕೇಳುವ ಅಧಿಕಾರ ನಿನಗೆಲ್ಲಿಯದು ಎನ್ನುವ ಹಾಗೆ ನೋಡಿದಳು. ಬಾಯಿಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹತ್ತು ಚೀಟಿಗಳು ಬಂದವು. ಮಳೆಗೆ ಮುಂಚಿನ ಮೂರು ವಾರ ಅವರು ಆಯ್ದರು, ಮೊದಲಿನಂತೆ ಸೀರೆಯ ತುಂಡು ಹಾಸಿದ ಬುಟ್ಟಿಯಲ್ಲಿ. ಎಲ್ಲ ಮರದ್ದನ್ನೂ ಒಂದೇ ಬುಟ್ಟಿಗೆ ಹಾಕಿ ತಂದು ಕಲ್ಲುಗಡಿಯ ಈಚೆ ಕೂತಿರುತ್ತಿದ್ದ ಹಿರಿಯಾಕೆಯ ಮುಂದೆ ಸುರಿಯುತ್ತಿದ್ದರು. ಆಕೆ ವಿಂಗಡಿಸಿ ಕಳಿಸಿದ ಅಂಟಿನಲ್ಲಿ ನನಗೆ ಒಂದು ತುಣುಕು ದಿಂಡಿಗವೂ ಸಿಗಲಿಲ್ಲ. ಹನಿ ಬಿಟ್ಟರೆ ಹಳದಿ. ಬೂದಿ ಮಿತಿಯೊಳಗೆ. ನಾನು 'ಶುದ್ಧ' ಎಂದು ಬರೆದು ಸಹಿ ಮಾಡಿದೆ. ಮದರಾಸಿನವರು ಒಪ್ಪಿಕೊಂಡರು. ನಮ್ಮ ಮೇಷ್ಟ್ರು ಆ ಹೆಂಗಸರನ್ನ ತಿದ್ದಿ ಹಾದಿಗೆ ತಂದ್ರು ಎಂದು ಸಾಹುಕಾರರು ಬಂದವರೆದುರಿಗೆಲ್ಲ ಹೊಗಳುತ್ತಿದ್ದರು. ನಾನು ಅಲ್ಲ ಎನ್ನಲಿಲ್ಲ. ಮುಂದಿನ ಬೇಸಿಗೆಗಳೂ ಹೀಗೆಯೇ ಕಳೆದವು. ಆಕೆಯ ಹಲ್ಲು ಮಾಡಿದ ಕೆಲಸಕ್ಕೆ ನನ್ನ ಸಹಿ ಬೀಳುತ್ತಿತ್ತು.

ಯುದ್ಧ ಮುಗಿಯಿತು. ಸುಡಾನಿನ ಹಡಗು ಮತ್ತೆ ಬಂತು. ನಮ್ಮ ಅಂಟನ್ನು ಕೇಳುವವರಿಲ್ಲದೆ ಕೋಣೆಗೆ ಬೀಗ ಬಿತ್ತು. ನಾನು ಬೇರೆ ಊರಿನಲ್ಲಿ ಮೇಷ್ಟರ ಕೆಲಸ ಹಿಡಿದೆ. ಹೊರಡುವ ಮೊದಲು ಒಮ್ಮೆ ದರೋಜಿಗೆ ಹೋಗಿದ್ದೆ. ಏಕೆ ಹೋದೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ, ಕ್ಷಮೆ ಕೇಳುವ ಧೈರ್ಯವಂತೂ ಇರಲಿಲ್ಲ. ಹಿಂದಿರುಗುವಾಗ ಸ್ಟೇಷನ್ನಿನ ಕಲ್ಲಿನ ಮೇಲೆ ಆಕೆ ಕೂತಿದ್ದಳು, ಮಗಳ ಊರಿಗೆ ಹೊರಟವಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ಗುರುತಿಸಿ, ಕುಂದ್ರಿ ಎಂದು ಜಾಗ ಬಿಟ್ಟಳು. ಮೊಮ್ಮಗನ ಸುದ್ದಿ ಹೇಳಿದಳು. ಆಮೇಲೆ ಕೇಳಿದಳು.

"ಆ ಕಾಗದ ಈಗೂ ಐತೇನ್ರಿ, ಯಪ್ಪಾ?"

ಐತಿ, ರೇಂಜರ ಆಫೀಸಿನ್ಯಾಗ ಐತಿ ಅಂದೆ.

"ನಾ ಒತ್ತಲಿಲ್ಲ ಅನ್ನೋದು ಅದರಾಗ ಕಾಣತೈತೇನ್ರಿ?"

ಕಾಣುತ್ತಿತ್ತು. ಮುಚ್ಚಳಿಕೆಯನ್ನು ಒಪ್ಪಿಸಲು ಹೋದ ದಿನ ರೇಂಜರು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, ಇದು ಯಾಕೆ ಹೀಗೆ, ಏನಾದರೂ ಬರೆಯದಿದ್ದರೆ ಫೈಲು ನಿಲ್ಲುತ್ತದೆ ಅಂದಿದ್ದರು. ಅವರು ಹೇಳಿದರು, ನಾನು ಬರೆದೆ. ಆಕೆಯ ಹೆಸರಿನ ಮುಂದೆ, ಹೆಬ್ಬೆಟ್ಟು ಇರಬೇಕಾದಲ್ಲಿ, ನನ್ನ ಅಕ್ಷರದಲ್ಲಿ ಇದೆ: 'ಒತ್ತಲು ಒಪ್ಪಲಿಲ್ಲ. ಉಳಿದವರಿಂದ ತೊಗಟೆ ಸುಲಿಸಿದವಳು ಇವಳೇ.'

"ಕಾಣತೈತಿ ಅವ್ವಾ," ಅಂದೆ.

ಗಾಡಿ ಬರುವ ಸದ್ದಾಯಿತು. ಆಕೆ ಗಂಟು ಎತ್ತಿಕೊಂಡು ಎದ್ದಳು. ಅಷ್ಟು ವರ್ಷಗಳಲ್ಲಿ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು.

"ಅಷ್ಟಾದ್ರ ಸಾಕ್ರಿ," ಅಂದಳು.